ಗುಡ್ಡದ ಮೇಲೆ ಆಡಬಾರದ ಮಾತು

ದೊರೆಸ್ವಾಮಿ ನನ್ನ ತಮ್ಮ. ಈ ಮಾತನ್ನು ಇಲ್ಲಿ, ಹಿಟ್ಟು ರುಬ್ಬುವ ಅಂಗಡಿಯಲ್ಲಿ ಕೂತು ಹೇಳಬಹುದು. ಗುಡ್ಡದ ಮೇಲೆ ಹೇಳಿದರೆ ಊರಿನ ನಲ್ಲಿಗಳೆಲ್ಲ ಗಾಳಿ ಉಗುಳುತ್ತವೆ. ಅಲ್ಲಿ ನಿಂತು ಯಾರಾದರೂ ಯಾವುದನ್ನಾದರೂ ‘ನಂದು’ ಅಂದರೆ ಒರತೆಯ ನೀರು ಒಳಕ್ಕೆ ಹೋಗಿಬಿಡುತ್ತದೆ. ಹೆಂಡತಿಯನ್ನು ಅನ್ನಲಿ, ಚಪ್ಪಲಿಯನ್ನು ಅನ್ನಲಿ, ನೀರಿಗೆ ಎರಡೂ ಒಂದೇ. ಅಂದವರೇ ಮತ್ತೆ ಮೇಲೆ ಹತ್ತಿ, ಅದೇ ಜಾಗದಲ್ಲಿ ನಿಂತು ‘ನಂದಲ್ಲ’ ಅನ್ನಬೇಕು. ಬಾಯಿಮಾತಿಗೆ ಅಂದರೆ ನಡೆಯುವುದಿಲ್ಲ. ಹೊಟ್ಟೆಯಿಂದ ಬರಬೇಕು. ಆಗ ನೀರು ಬರುತ್ತದೆ.

ನಾವು ಇದಕ್ಕೆ ಹೊಂದಿಕೊಂಡು ಬಾಳುತ್ತಿದ್ದೇವೆ. ಗುಡ್ಡದ ಬುಡದ ಕಲ್ಲುಗಂಬ ದಾಟಿದ ಮೇಲೆ ನಮ್ಮೂರಿನವರು ಆಡುವ ಮಾತೇ ಬೇರೆ. ಹಲ್ಲುನೋವು ಬಂದವನು ‘ಈ ಬಾಯಲ್ಲೊಂದು ಹಲ್ಲು ನೋಯ್ತಾ ಐತೆ’ ಅನ್ನುತ್ತಾನೆ. ಸೌದೆಗೆ ಹೋದ ಹೆಂಗಸು ಗಂಡನನ್ನು ಕರೆಯಬೇಕಾದರೆ ‘ಓ ದರ್ಜಿ ಬೀದಿ ಗಂಡಸೇ’ ಎಂದು ಕೂಗುತ್ತಾಳೆ, ದರ್ಜಿ ಬೀದಿಯ ಗಂಡಸರೆಲ್ಲ ‘ಓ’ ಅನ್ನುತ್ತಾರೆ. ಒಮ್ಮೆ ಹೊಸದಾಗಿ ಮದುವೆಯಾದ ಒಬ್ಬ ಹುಡುಗ ಗುಡ್ಡದ ಮೇಲೆ ಹೆಂಡತಿಯನ್ನು ಹೂವಿನ ಗಿಡದ ಹತ್ತಿರ ನಿಲ್ಲಿಸಿಕೊಂಡು ‘ನನ್ನ ರಾಣಿ’ ಅಂದುಬಿಟ್ಟ. ನೀರು ಹೋಯಿತು. ಪಾಪ, ದಿನಾ ಹತ್ತಿ ‘ನಂದಲ್ಲ, ನಂದಲ್ಲ’ ಎಂದು ಕಿರುಚಿದ. ಹೊಸ ಮದುವೆ, ಹೊಟ್ಟೆಯಿಂದ ಬರುವುದು ಹೇಗೆ? ಕೊನೆಗೆ ಹೊಳೆಯಿಂದ ಕೊಡ ಹೊತ್ತು ಸಾಕಾಗಿ ಆ ರಾಣಿ ಅವನಿಗೂ ಅವನ ತಾಯಿಗೂ ಬಾಯಿಗೆ ಬಂದ ಹಾಗೆ ಬೈದು ತವರಿಗೆ ಹೋದಳು. ಆ ಸಿಟ್ಟಿನಲ್ಲಿ ಅವನು ಒಂದೇ ಸಲ ಅಂದ, ನೀರು ಧುಮುಕಿಕೊಂಡು ಬಂತು. ಆಮೇಲೆ ಅವಳನ್ನು ಕರೆತರಲು ಊರಿನವರೇ ವ್ಯಾನು ಮಾಡಿಕೊಂಡು ಹೋದೆವು.

ಗುಡ್ಡ ಮೊದಲು ಒಬ್ಬ ಸೌದೆ ಗುತ್ತಿಗೆದಾರನದಾಗಿತ್ತು. ಅವನ ಕಾಲದಲ್ಲಿ ಒರತೆಯಲ್ಲಿ ನೀರೇ ಇರಲಿಲ್ಲ. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವನು ಮರಗಳನ್ನು ಮುಗಿಸಿ ಬುಡದ ಮಣ್ಣನ್ನೂ ಮಾರಲು ಹೊರಟಾಗ ನಮ್ಮ ಅಜ್ಜಿಯರ ಕಾಲದವರು ಓಲೆ ಬಿಚ್ಚಿ, ಎತ್ತು ಮಾರಿ, ಇಡೀ ಗುಡ್ಡವನ್ನು ಕೊಂಡರು. ಕೊಂಡು ಯಾರ ಹೆಸರಿಗೂ ಮಾಡಲಿಲ್ಲ. ಊರಿನ ಟ್ರಸ್ಟು ಎಂದು ಒಂದನ್ನು ಕಟ್ಟಿ ಅದರ ಮಡಿಲಿಗೆ ಹಾಕಿದರು. ಮನೆಗೊಬ್ಬರು ಅದರಲ್ಲಿದ್ದೇವೆ. ಬುಡದ ಕಲ್ಲುಗಂಬದ ಮೇಲೆ ಎರಡೇ ಸಾಲು ಕೆತ್ತಿದ್ದಾರೆ: ಮಾರುವಂತಿಲ್ಲ. ಪಾಲು ಮಾಡುವಂತಿಲ್ಲ.

ಗುಡ್ಡದ ನೆತ್ತಿಯಲ್ಲೊಂದು ತಗ್ಗು ಬಯಲಿದೆ. ಹೀರ್ಬಯಲು ಅನ್ನುತ್ತೇವೆ. ನೋಡಲು ಬಂದವರಿಗೆ ಅಲ್ಲಿ ಏನೂ ಕಾಣುವುದಿಲ್ಲ. ಮೊಣಕಾಲೆತ್ತರದ ಹುಲ್ಲು, ಕಪ್ಪು ಮಣ್ಣು, ಕಾಲಿಟ್ಟರೆ ಪಚಕ್ಕನೆ ಒಳಕ್ಕೆ ಹೋಗುತ್ತದೆ, ಕಪ್ಪೆಗಳು ಬೈಯುತ್ತವೆ. ಮಳೆಗಾಲದಲ್ಲಿ ಬಿದ್ದದ್ದನ್ನೆಲ್ಲ ಆ ಮಣ್ಣು ನೆನೆಹಾಕಿದ ಅಕ್ಕಿಯ ಹಾಗೆ ಕುಡಿದು ಊದಿಕೊಳ್ಳುತ್ತದೆ. ಬೇಸಿಗೆಯುದ್ದಕ್ಕೂ ತೊಟ್ಟು ತೊಟ್ಟಾಗಿ ಕೆಳಗಿನ ಒರತೆಗೆ ಬಿಡುತ್ತದೆ. ಅದಕ್ಕೇ ಅಲ್ಲಿ ದನ ಬಿಡುವುದಿಲ್ಲ, ಗುಂಡಿ ತೋಡುವುದಿಲ್ಲ. ಮಳೆಗೆ ಮುಂಚೆ ಊರೆಲ್ಲ ಹತ್ತಿ ಕೊರಕಲುಗಳಿಗೆ ಕಲ್ಲು ತುಂಬಿ, ಹಬ್ಬಿದ ಮುಳ್ಳು ಕಿತ್ತು ಬರುತ್ತೇವೆ. ಆ ದಿನ ಉಪ್ಪಿಟ್ಟು ನನ್ನ ಪಾಲಿನದು.

ದೊರೆಸ್ವಾಮಿಯನ್ನು ಟ್ರಸ್ಟಿನ ಅಧ್ಯಕ್ಷನನ್ನಾಗಿ ಮಾಡಿದ್ದು ಅವನು ಚೆನ್ನಾಗಿ ಮಾತಾಡುತ್ತಾನೆಂದು. ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ನಾನು. ಆದರೆ ಅವನ ಮಾತು ನನ್ನಿಂದ ಬಂದದ್ದಲ್ಲ. ‘ನಾನು’ ಎಂಬ ಶಬ್ದವೇ ಅವನ ಬಾಯಲ್ಲಿಲ್ಲ, ಏನಿದ್ದರೂ ‘ನಾವು’. ‘ನಾವು ಸ್ನಾನಕ್ಕೆ ಹೋಗಿದ್ದೆವು’ ಅಂದರೆ ಹೋದವನು ಅವನೊಬ್ಬನೇ. ಗುಡ್ಡದ ಅಧ್ಯಕ್ಷನಿಗೆ ಇದಕ್ಕಿಂತ ಒಳ್ಳೆಯ ಬಾಯಿ ಸಿಗುವುದಿಲ್ಲವೆಂದು ಊರು ಕುಣಿಯಿತು.

ಒಂದು ಬೆಳಿಗ್ಗೆ ಅಂಗಡಿಗೆ ಬಂದು ಹಿಟ್ಟಿನ ಡಬ್ಬಗಳ ನಡುವೆ ಕೂತ.

“ಅಕ್ಕ, ಒಂದು ಒಳ್ಳೇ ಸುದ್ದಿ. ನೀರಿನ ಕಂಪನಿಯೋರು ಬಂದಿದ್ದಾರೆ. ಹೀರ್ಬಯಲನ್ನ ಅವರಿಗೆ ಕೊಡ್ತಾ ಇದೀವಿ.”

ಯಂತ್ರ ನಿಲ್ಲಿಸಿದೆ. “ಮಾರೋ ಹಂಗಿಲ್ಲ ಅಂತ ಕಲ್ಲಲ್ಲಿ ಕೆತ್ತವ್ರೆ. ಓದಕ್ಕೆ ಕಲಿಸಿದ್ದೆನಲ್ಲೋ ನಿಂಗೆ?”

“ಮಾರ್ತಾ ಇಲ್ವಲ್ಲ. ಪಾಲೂ ಮಾಡ್ತಾ ಇಲ್ಲ. ಬಳಕೆಗೆ ಬಿಟ್ಟುಕೊಡೋದು ಅಷ್ಟೆ. ಕಲ್ಲಲ್ಲಿ ‘ಕೊಡೋ ಹಂಗಿಲ್ಲ’ ಅಂತ ಎಲ್ಲಿದೆ? ಊರಿಗೆ ಆಸ್ಪತ್ರೆ ಕಟ್ಟಿಸಿಕೊಡ್ತಾರೆ ಅಕ್ಕ. ನಿನ್ನ ಮಂಡಿಗೆ ಇನ್ಮೇಲೆ ಬಸ್ಸು ಹತ್ತಬೇಕಿಲ್ಲ.”

“ಮಂಡಿ ಸರಿಹೋಗಿ ಏನು ಮಾಡ್ಲಿ, ಹೊಳೆಯಿಂದ ನೀರು ಹೊರಲಾ?”

“ನಿನಗೆ ದೂರದೃಷ್ಟಿ ಇಲ್ಲ,” ಎಂದು ಎದ್ದು ಹೋದ. ದೂರದೃಷ್ಟಿ! ಕಣ್ಣೆದುರಿನ ಬಯಲು ಕಾಣದವನು.

ಅವನಿಗೆ ಆಸ್ಪತ್ರೆಯ ಆಸೆ ನಿಜವಾಗಿಯೇ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ದೂರದ ಆಸ್ಪತ್ರೆಗೆ ಒಯ್ಯುವಾಗ ಅಮ್ಮ ಬಸ್ಸಿನಲ್ಲೇ ಹೋದಳು, ಆಗಿನ್ನೂ ಹುಡುಗನಾಗಿದ್ದ ಅವನ ತೊಡೆಯ ಮೇಲೆ. ಆದರೆ ಆಸ್ಪತ್ರೆ ಕಟ್ಟಿಸುವವನು ಬಯಲು ಯಾಕೆ ಕೇಳುತ್ತಾನೆ ಎಂದು ಅವನು ಒಂದು ಸಲವಾದರೂ ಕೇಳಬೇಡವೇ?

ಕಂಪನಿಯ ಸಾಹೇಬ ಮರುದಿನವೇ ಬಂದ. ತಲೆಯ ಮೇಲೆ ಕಪ್ಪು ಕನ್ನಡಕ, ಬಾಯಿ ತುಂಬ ನಗು. ಗುಡ್ಡಕ್ಕೆ ಹೋಗುವ ದಾರಿಯಲ್ಲಿ ನನ್ನ ಅಂಗಡಿಯ ಮುಂದೆ ಕಾರು ನಿಲ್ಲಿಸಿದ. ಮೇಲೆ ಆ ಪದ ಆಡಬಾರದೆಂದು ದೊರೆಸ್ವಾಮಿ ಅವನಿಗೆ ಪಾಠ ಮಾಡುತ್ತಿದ್ದ. ಸಾಹೇಬ ನಕ್ಕ.

“ಚಿಂತೆ ಮಾಡಬೇಡಿ. ನಮ್ಮ ಕಂಪನೀಲಿ ಯಾರೂ ಆ ಪದ ಬಳಸೋದೇ ಇಲ್ಲ. ನಮ್ಮ ಟೀಮು, ನಮ್ಮ ಪ್ಲಾಂಟು, ನಮ್ಮ ನೀರು. ಎಲ್ಲಾ ‘ನಮ್ಮ’ ಅಷ್ಟೆ.”

ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗ. ಹೂವಿನ ಗಿಡದ ಹತ್ತಿರ ಹೆಂಡತಿಯನ್ನು ಮುದ್ದು ಮಾಡಿದ ಹುಡುಗ ನೀರಿಗೆ ಕಳ್ಳನಾಗಿ ಕಂಡ. ಇವನು ಗುಡ್ಡವನ್ನೇ ನುಂಗಲು ಬಂದಿದ್ದಾನೆ, ಇವನ ಮಾತಿನಲ್ಲಿ ನೀರಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಟ್ರಸ್ಟಿನ ಸಭೆ ಯಾವತ್ತೂ ಮೇಲೆಯೇ ನಡೆಯಬೇಕು, ಒರತೆಯ ಸದ್ದು ಕೇಳುವ ಜಾಗದಲ್ಲಿ. ಹಿಂದಿನವರು ಮಾಡಿದ ಏರ್ಪಾಡು. ನಾವೆಲ್ಲ ಹೀರ್ಬಯಲಿನ ಅಂಚಿನ ಬಂಡೆಗಳ ಮೇಲೆ ಕೂತೆವು. ದೊರೆಸ್ವಾಮಿ ಆಸ್ಪತ್ರೆಯ ವಿಷಯ ಹೇಳಿದ, ಒಳ್ಳೆಯ ರಸ್ತೆಯ ವಿಷಯ ಹೇಳಿದ. ಸಾಹೇಬ ಎದ್ದು, “ಇವತ್ತಿಂದ ಈ ಬಯಲು ನಮ್ಮದು ಅಂದ್ಕೊಂಡೇ ನಾವು ನೋಡ್ಕೋತೀವಿ,” ಅಂದ. ನಾನು ಒರತೆಯ ಕಡೆಗೆ ಕಿವಿಗೊಟ್ಟೆ. ನೀರು ಏನೂ ಆಗದ ಹಾಗೆ ಜುಳುಜುಳು ಹರಿಯುತ್ತಲೇ ಇತ್ತು. ಆ ನೀರಿನ ಮೇಲೂ ನನಗೆ ಸಿಟ್ಟು ಬಂತು.

“ಯಾರಾದ್ರೂ ಏನಾದ್ರೂ ಹೇಳೋದಿದ್ರೆ ಹೇಳಿ,” ಅಂದ ದೊರೆಸ್ವಾಮಿ.

ಎಲ್ಲರೂ ಮುದ್ದುರಂಗಪ್ಪನ ಮುಖ ನೋಡಿದರು. ಊರಿಗೆ ಹಿರಿಯ, ಅವನ ಅಜ್ಜಿಯ ಓಲೆಯೂ ಈ ಗುಡ್ಡದಲ್ಲಿದೆ. ಅವನು ಕೋಲು ಊರಿಕೊಂಡು ಎದ್ದ.

“ನಾ ಹೇಳೋದೇನೈತಪ್ಪ ಇದ್ರಾಗೆ. ಊರದ್ದು. ಊರು ಹೆಂಗಂದ್ರೆ ಹಂಗೆ,” ಎಂದು ಕೂತುಬಿಟ್ಟ.

ಬೇಕರಿಯ ಜೀನತ್ ನನ್ನ ಪಕ್ಕದಲ್ಲಿದ್ದಳು. ಬಾಯಲ್ಲಿ ಬೆಂಕಿ ಇರುವವಳು, ಬ್ರೆಡ್ಡಿನ ಅಚ್ಚು ಕದ್ದವನನ್ನು ಬಸ್‌ಸ್ಟ್ಯಾಂಡಿನವರೆಗೂ ಅಟ್ಟಿಸಿಕೊಂಡು ಹೋದವಳು. ಮೊಣಕೈಯಿಂದ ತಿವಿದೆ.

“ಏಳೇ, ಮಾತಾಡು.”

“ನಾನೇನ್ ಮಾತಾಡ್ಲಿ ಚೆನ್ನಾಜಕ್ಕ? ಊರದ್ದಲ್ವಾ? ಎಲ್ಲಾರೂ ಸೇರಿ ಏನ್ ಮಾಡ್ತಾರೋ ಮಾಡ್ಲಿ.”

ಹೀಗೆಯೇ ಒಬ್ಬರಾದ ಮೇಲೆ ಒಬ್ಬರು. ಊರದ್ದು, ಊರದ್ದು, ಊರನ್ನು ಕೇಳಿ. ಊರು ಅಲ್ಲೇ ಬಂಡೆಗಳ ಮೇಲೆ ಕೂತು ಊರನ್ನು ಕೇಳಿ ಅನ್ನುತ್ತಿತ್ತು! ಇಷ್ಟು ವರ್ಷ ನಾವು ಒಂದು ಮಾತು ಬಾಯಿಂದ ಜಾರದ ಹಾಗೆ ಎಚ್ಚರದಿಂದ ಬದುಕಿ ಬದುಕಿ ಏನಾಗಿದ್ದೇವೆಂದು ನನಗೆ ಆ ಹೊತ್ತು ಕಂಡಿತು. ನಂದು ಅನ್ನಬಾರದು ಎಂದು ಕಲಿತವರು, ನನಗೇನು ಅನ್ನುವುದನ್ನೂ ಜೊತೆಗೇ ಕಲಿತುಬಿಟ್ಟಿದ್ದೆವು. ಕೈ ಚಾಚಿದವನಿಗೆ ಬೇಡವೆನ್ನಲು ಒಂದು ಬಾಯಿಯೂ ಉಳಿದಿರಲಿಲ್ಲ.

“ಹಾಗಾದ್ರೆ ಕೈ ಎತ್ತಿ,” ಅಂದ ದೊರೆಸ್ವಾಮಿ.

“ಕೊಡಲ್ಲ,” ಅಂದೆ.

“ಅಕ್ಕ, ಕೂತ್ಕೋ.”

“ಕೊಡಲ್ಲ ಅಂದೆ. ಇಲ್ಲಿ ಒಂದು ಗುಂಡಿ ತೋಡಿದ್ರೆ ಕೆಳಗೆ ಒಂದು ಬೀದಿ ಒಣಗುತ್ತೆ. ಅದು ನಿಂಗೂ ಗೊತ್ತು. ಕೊಡಲ್ಲ.”

ಸಾಹೇಬನ ಮುಂದೆ ಅವನಿಗೆ ಅವಮಾನವಾಯಿತು. ಕಿವಿ ಕೆಂಪಾದವು. “ಕೊಡಲ್ಲ ಅನ್ನೋಕೆ ನೀನ್ಯಾರು?” ಎಂದು ಕೂಗಿದ. “ಇದೇನು ನಿಂದಾ?”

“ಹೂಂ ಕಣೋ,” ಅಂದೆ. “ನಂದು.”

ಪಕ್ಕದಲ್ಲಿ ಮಾತಾಡುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದ ಹಾಗೆ ಒರತೆಯ ಸದ್ದು ನಿಂತಿತು. ಯಾರೋ ಹೆಂಗಸು “ಅಯ್ಯೋ ಪಾಪಿ” ಅಂದಳು. ನನಗೆ ಕೇಳಿಸಿತು, ಆದರೆ ನಿಲ್ಲಲಾಗಲಿಲ್ಲ. “ನಂದು,” ಎಂದು ಇನ್ನೊಮ್ಮೆ ಅಂದೆ. “ಈ ಹುಲ್ಲು ನಂದು, ಈ ಕೆಸರು ನಂದು, ಈ ಕಪ್ಪೆಗಳೂ ನಂದು. ಈಗ ತಗೊಂಡು ಹೋಗಪ್ಪ ಸಾಹೇಬ, ಹೆಂಗೆ ತಗೊಂಡು ಹೋಗ್ತೀಯೋ ನೋಡ್ತೀನಿ.”

ಬೇಸಿಗೆ ಆಗಿನ್ನೂ ಶುರು. ಊರಿಗೆ ಊರೇ ಹೊಳೆಗೆ ಬಿತ್ತು. ಟ್ರ್ಯಾಕ್ಟರು, ಸೈಕಲ್ಲು, ಸೊಂಟ, ತಲೆ, ಯಾವುದರ ಮೇಲೆ ಕೊಡ ನಿಲ್ಲುತ್ತದೋ ಅದರ ಮೇಲೆ. ನೀರಿಲ್ಲದೆ ರುಬ್ಬುವ ಯಂತ್ರ ನಿಂತಿತು. ಇದ್ದರೂ ನನ್ನ ಅಂಗಡಿಗೆ ಯಾರೂ ಬರುತ್ತಿರಲಿಲ್ಲ. ಬೀದಿಯಲ್ಲಿ ಹೋದರೆ ಹೆಂಗಸರು ಖಾಲಿ ಕೊಡವನ್ನು ನನ್ನ ಮುಂದೆಯೇ ಕುಕ್ಕುತ್ತಿದ್ದರು. ಒಂದು ಮಗು ತಾಯಿಯನ್ನು ಕೇಳಿತು, “ನೀರು ಕುಡಿದುಬಿಟ್ಟ ಅಜ್ಜಿ ಇವರೇನಾ?” ಆ ಮಾತು ಚುಚ್ಚಿತು. ಆದರೂ ಗುಡ್ಡ ಹತ್ತಲಿಲ್ಲ.

ಒಂದು ಮಧ್ಯಾಹ್ನ ಜೀನತ್ ಬಂದು ಕಟ್ಟೆಯ ಮೇಲೆ ಕೊಡ ಇಳಿಸಿದಳು. ಕೈಗೆ ಮೆತ್ತಿದ ಹಿಟ್ಟು ಒಣಗಿತ್ತು, ಹೊಳೆಯಿಂದ ಹೊತ್ತ ನೀರನ್ನು ಅದನ್ನು ತೊಳೆಯಲು ಚೆಲ್ಲುವಂತಿರಲಿಲ್ಲ.

“ನಿನ್ ಬಾಯಿಗೆ ಬೂದಿ ಹಾಕ ಚೆನ್ನಾಜಕ್ಕ. ಒಲೆ ಆರಿಸಿ ಕೂತಿದೀನಿ.”

“ಬೈಯೋದಾದ್ರೆ ಒಳಗೆ ಬಂದು ಬೈ. ಬಿಸಿಲು.”

ಒಳಗೆ ಬಂದಳು. ಬೈಯಲಿಲ್ಲ. ತನ್ನ ಕೊಡದಿಂದ ಒಂದು ಲೋಟ ಬಗ್ಗಿಸಿ ನನ್ನ ಮುಂದಿಟ್ಟಳು. ಎದುರಿಗೆ ಕೂತು ಕೇಳಿದಳು:

“ನಿಜ ಹೇಳು. ನಿಂದು ಅಂತ ನಿಜವಾಗ್ಲೂ ಅನ್ಸುತ್ತಾ?”

“ಅನ್ಸುತ್ತೆ.”

“ಹೆಂಗಿರುತ್ತೆ ಅದು?”

“ಹೊಟ್ಟೆ ಉರಿಯುತ್ತೆ ಕಣೆ. ರಾತ್ರಿಯೆಲ್ಲ ಯಾರೋ ಅಲ್ಲಿ ಗುಂಡಿ ತೋಡ್ತಾ ಅವ್ರೆ ಅನ್ಸುತ್ತೆ.”

ತೋಡುತ್ತಿದ್ದುದು ನಿಜವೇ. ಪರೀಕ್ಷೆ ಮಾಡಿ ನೋಡಲೆಂದು ದೊರೆಸ್ವಾಮಿ ಅವರಿಗೆ ಒಪ್ಪಿಗೆ ಕೊಟ್ಟುಬಿಟ್ಟಿದ್ದ. ಯಂತ್ರ ಗುಡ್ಡ ಹತ್ತಿತು. ಬಯಲಿನ ನಡುಮಧ್ಯೆ ತೂತು ಕೊರೆದರು. ಧೂಳು ಬಂತು. ಪಕ್ಕದಲ್ಲಿ ಇನ್ನೊಂದು ಕೊರೆದರು, ಮೂರನೆಯದನ್ನೂ ಕೊರೆದರು. ಕಲ್ಲಿನ ಹಿಟ್ಟು ಬಂತು. ಆ ಸದ್ದು ನನ್ನ ಅಂಗಡಿಯವರೆಗೂ ಕೇಳುತ್ತಿತ್ತು, ನನ್ನ ಬೆನ್ನುಮೂಳೆಯಲ್ಲೇ ಕೊರೆದ ಹಾಗೆ. ಕೊನೆಗೆ ಸಾಹೇಬ ಫೋನಿನಲ್ಲಿ ಯಾರಿಗೋ “ಬೇಡ ಸರ್, ಇಲ್ಲಿ ನಮ್ಮದು ಅನ್ನೋ ಅಂಥದ್ದು ಏನೂ ಇಲ್ಲ,” ಎಂದು ಹೇಳಿ ಯಂತ್ರ ಇಳಿಸಿಕೊಂಡು ಹೊರಟುಹೋದ. ಕೊರೆದ ತೂತುಗಳನ್ನು ಮುಚ್ಚಲೂ ಇಲ್ಲ.

ಅವತ್ತೇ ದೊರೆಸ್ವಾಮಿ ನನ್ನ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ.

“ಆಸ್ಪತ್ರೆ ಹೋಯ್ತು. ಸಮಾಧಾನ ಆಯ್ತಾ ನಿಂಗೆ? ಈಗಾದ್ರೂ ಹತ್ತಿ ಆ ಮಾತು ಹೇಳು. ಊರು ಒಣಗ್ತಾ ಇದೆ.”

“ಹತ್ತೀನಿ. ಮೊದಲು ಕಲ್ಲುಗಂಬದ ಮೇಲೆ ಇನ್ನೊಂದು ಸಾಲು ಕೆತ್ತಿಸು. ಕೊಡುವಂತಿಲ್ಲ ಅಂತ. ಬಾಡಿಗೆಗೆ, ಬಳಕೆಗೆ, ಪರೀಕ್ಷೆಗೆ, ಯಾವ ಹೆಸರಲ್ಲೂ.”

“ನಾವು ಯೋಚನೆ ಮಾಡಿ ಹೇಳ್ತೀವಿ.”

“ನಾವು ಅಂದ್ರೆ ಯಾರೋ? ಬಾಗಿಲಲ್ಲಿ ನೀನೊಬ್ನೇ ನಿಂತಿರೋದು.”

ಬೀದಿಗಿಳಿದು ಹೋದ. ಆದರೆ ಅಷ್ಟು ಹೊತ್ತಿಗೆ ಬೇರೆಯವರಿಗೂ ಬುದ್ಧಿ ಬಂದಿತ್ತು. ಜೀನತ್ ಮನೆಮನೆ ಸುತ್ತಿದಳು. ಮುದ್ದುರಂಗಪ್ಪ ಕಲ್ಲು ಕೆತ್ತುವವನನ್ನು ತಾನೇ ಹೋಗಿ ಕರೆದುಕೊಂಡು ಬಂದ. ಒರತೆಯ ಸದ್ದೇ ಇಲ್ಲದ್ದರಿಂದ ಈ ಸಲ ಕಂಬದ ಮುಂದೆಯೇ ಎಲ್ಲರೂ ಕೈ ಎತ್ತಿದರು. ದೊರೆಸ್ವಾಮಿಯೂ ಎತ್ತಿದ, ಭುಜದವರೆಗೆ. ಮೂರನೆಯ ಸಾಲು ಕಲ್ಲಿನ ಮೇಲೆ ಕೂತಿತು. ಅಕ್ಷರಗಳ ಒಳಗೆ ಬೆರಳಾಡಿಸಿ, ಆಳವಾಗಿವೆಯೆಂದು ಖಾತ್ರಿ ಮಾಡಿಕೊಂಡು ನಾನು ಮಂಡಿ ಹಿಡಿದು ಗುಡ್ಡ ಹತ್ತಿದೆ. ಊರೆಲ್ಲ ಕೊಡ ಹಿಡಿದು ಹಿಂದೆ ಬಂತು.

ಹೀರ್ಬಯಲಿನ ಗುರುತೇ ಸಿಗಲಿಲ್ಲ. ಕಪ್ಪು ಮಣ್ಣು ಸೀಳಿ ಬಾಯಿ ಬಿಟ್ಟಿತ್ತು. ಯಂತ್ರದ ಚಕ್ರ ಹರಿದ ಕಡೆ ಹುಲ್ಲು ಬೂದಿಯ ಬಣ್ಣಕ್ಕೆ ತಿರುಗಿತ್ತು. ಒಂದು ಕಪ್ಪೆಯೂ ಬೈಯಲಿಲ್ಲ. ನಾನು ಅಂದು ನಿಂತಿದ್ದ ಬಂಡೆಯ ಮೇಲೆ ನಿಂತೆ.

“ನಂದಲ್ಲ,” ಅಂದೆ.

ಏನೂ ಆಗಲಿಲ್ಲ. ಎಲ್ಲರೂ ಒರತೆಯ ಕಡೆ ಕತ್ತು ಚಾಚಿದ್ದರು.

“ನಂದಲ್ಲ. ನಂದಲ್ಲ.”

“ಹೊಟ್ಟೆಯಿಂದ ಅನ್ನವ್ವ,” ಅಂದ ಮುದ್ದುರಂಗಪ್ಪ, ಮೆಲ್ಲಗೆ.

“ಹೊಟ್ಟೇಲಿ ಇದ್ರೆ ತಾನೇ ಅನ್ನೋದು?” ಎಂದು ಅವನ ಮೇಲೆ ಹರಿಹಾಯ್ದೆ. “ಹೊಟ್ಟೆಯಲ್ಲಿರೋದು ಬೇರೆ. ಎಲ್ಲಿಂದ ತರ್ಲಿ ನಾನು?”

ಆ ತೂತುಗಳನ್ನು ನೋಡಿಕೊಂಡು ನಂದಲ್ಲ ಅನ್ನುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಕೊಡ ಬಂಡೆಗೆ ತಾಗಿ ಠಣ್ ಅಂದಿತು. ಎಲ್ಲರೂ ನನಗಾಗಿ ಕಾಯುತ್ತಿದ್ದರು. ಮತ್ತೆ ಕಾಯುತ್ತಿದ್ದರು! ಅವತ್ತು ಬಂಡೆಯ ಮೇಲೆ ಕೂತು ಕಾದ ಹಾಗೆಯೇ, ಯಾರೋ ಒಬ್ಬರು ಏನೋ ಮಾಡಲಿ ಎಂದು. ನನ್ನ ತಲೆ ಕೆಟ್ಟುಹೋಯಿತು. ಬಂಡೆಯಿಂದ ಇಳಿದು ನೇರ ಜೀನತ್ ಮುಂದೆ ಹೋಗಿ ನಿಂತೆ.

“ಏನೇ ನೋಡ್ತೀಯ? ಅಚ್ಚು ಕದ್ದವನ ಹಿಂದೆ ಓಡೋಕೆ ಕಾಲಿತ್ತು, ಇದಕ್ಕೆ ಬಾಯಿ ಇರಲಿಲ್ವಾ? ಇದು ನಿಂದು ಕಣೆ. ತಿಳೀತಾ? ನಿಂದು.”

ಅವಳು ಹೆದರಿ ಒರತೆಯ ಕಡೆ ನೋಡಿದಳು. ಆಮೇಲೆ ನನ್ನನ್ನು ನೋಡಿ, “ಹೂಂ,” ಅಂದಳು. ಅಂದು ಮುಗಿಸುವಷ್ಟರಲ್ಲಿ ಅವಳ ಮುಖವೂ ಉರಿಯತೊಡಗಿತ್ತು. ನನ್ನ ಹೊಟ್ಟೆಯೊಳಗೆ ಏನೋ ಒಂದು ಎಳೆ ಸಡಿಲವಾಯಿತು.

ಮುದ್ದುರಂಗಪ್ಪನ ಕಡೆ ತಿರುಗಿದೆ. “ಅಜ್ಜಿ ಓಲೆ ಬಿಚ್ಚಿಕೊಟ್ಟು ಬರಿಗಿವಿಯಲ್ಲಿ ಸತ್ತಳು, ನೀನು ಊರದ್ದು ಅಂತ ಕೂತ್ಯಲ್ಲೋ ಮುದುಕಾ. ನಿಂದು!” ಅವನು ಕಣ್ಣು ಒರೆಸಿಕೊಂಡು ತಲೆಯಾಡಿಸಿದ. ಅಲ್ಲಿಂದ ಒಬ್ಬರನ್ನೂ ಬಿಡಲಿಲ್ಲ. ಹೆಸರು ಹಿಡಿದು, ಮಾಡಿದ್ದನ್ನೆಲ್ಲ ಎತ್ತಿ ಆಡಿ, ಎದೆಗೆ ಬೆರಳು ಚುಚ್ಚಿ ಬೈದೆ. ನಿಂದು. ನಿಂದೂನು. ಹಿಂದೆ ಬಚ್ಚಿಟ್ಟುಕೊಳ್ಳಬೇಡ, ನಿಂದೇ. ಬೈಸಿಕೊಂಡವರು ಹೂಂ ಅಂದರು. ನೀರು ಕುಡಿದ ಅಜ್ಜಿ ಅಂದಿದ್ದ ಮಗುವಿಗೂ ಬಗ್ಗಿ ಹೇಳಿದೆ, ಅದಕ್ಕೆ ಮಾತ್ರ ಬೈಯದೆ. ಬರಬರುತ್ತ ಹೊಟ್ಟೆ ಹಗುರಾಗುತ್ತಿತ್ತು, ನೆಲದ ಕೆಳಗೆ ಎಲ್ಲೋ ದೂರದಲ್ಲಿ ಗುಡುಗುಡು ಸದ್ದು. ಆದರೆ ಬಂಡೆ ಹತ್ತಿ ನಂದಲ್ಲ ಅಂದರೆ ಒರತೆ ಮಾತ್ರ ಒಣಗಿಯೇ ಇತ್ತು.

“ಎಲ್ಲಾರ್ಗೂ ಆಯ್ತಲ್ಲ,” ಅಂದಳು ಜೀನತ್.

ಎಲ್ಲರಿಗೂ ಆಗಿರಲಿಲ್ಲ. ದೊರೆಸ್ವಾಮಿ ದೂರದಲ್ಲಿ, ಕೊರೆದ ತೂತಿನ ಪಕ್ಕ ಒಬ್ಬನೇ ನಿಂತಿದ್ದ. ಅವನಿಗೆ ಆ ‘ನಿಂದು’ ಕೊಡುವ ಮನಸ್ಸು ನನಗಿರಲಿಲ್ಲ. ಇಡೀ ಊರಿಗೆ ಕೊಟ್ಟೇನು, ಇವನಿಗೆ ಯಾಕೆ? ಮಾರಲು ಹೊರಟವನು, ಸಾಹೇಬನ ಮುಂದೆ ನೀನ್ಯಾರು ಅಂದವನು. ಅವನೊಬ್ಬನಿಗೆ ಇಲ್ಲ ಅನ್ನುವವರೆಗೆ ಬಯಲು ನನ್ನ ಕೈಯಲ್ಲಿ ಉಳಿದಿರುತ್ತದೆ, ಕೊಡಲೂ ಕೊಡದಿರಲೂ ನನ್ನದಾಗಿ. ಅದು ನನಗೂ ಗೊತ್ತಾಯಿತು, ನೀರಿಗೂ ಗೊತ್ತಿತ್ತು.

ಬಂಡೆಯಿಂದ ಇಳಿದು ಬಿರುಕುಗಳನ್ನು ದಾಟಿಕೊಂಡು ಅವನ ಹತ್ತಿರ ಹೋದೆ. ಅವನು ತಲೆ ಎತ್ತಲಿಲ್ಲ.

“ನೋಡೋ ಇಲ್ಲಿ. ಈ ತೂತು ನೋಡು.”

“ನಾವು ಊರಿಗೆ ಒಳ್ಳೇದಾಗ್ಲಿ ಅಂತ…”

“ನಾವು ಅನ್ನಬೇಡ!”

ಬಗ್ಗಿ ತೂತಿನ ಅಂಚಿನ ಕಲ್ಲಿನ ಹಿಟ್ಟನ್ನು ಮುಟ್ಟಿದ. “ನಾನು ಮಾಡಿದ್ದು ಅಕ್ಕ,” ಅಂದ.

ಅವನ ಬಾಯಲ್ಲಿ ಆ ಶಬ್ದ ಕೇಳಿ ಎಷ್ಟು ಕಾಲವಾಗಿತ್ತೋ. ಹಾಗೆಂದು ನನ್ನ ಸಿಟ್ಟೇನೂ ಇಳಿಯಲಿಲ್ಲ. ಹಲ್ಲು ಕಚ್ಚಿಕೊಂಡೇ ಹೇಳಿದೆ: “ನಿಂದೂ ಕಣೋ. ಯಾರದೋ ಅಂದ್ಕೊಂಡು ಕೊಟ್ಟುಬಿಡಕ್ಕೆ ಹೋದ್ಯಲ್ಲ, ಅದು ನಿಂದೇ ಆಗಿತ್ತು. ಇನ್ಮೇಲೆ ಇದರ ಹೊಟ್ಟೆಯುರಿ ನೀನೂ ಪಡು.”

ಆಮೇಲೆ ಬಂಡೆಯವರೆಗೆ ಮಂಡಿ ಎಳೆದುಕೊಂಡು ಹೋಗಿ, ಹತ್ತಿ, ಒಂದೇ ಒಂದು ಸಲ ಅಂದೆ.

ನೀರು ಮೊದಲು ಕಾಣಿಸಿಕೊಂಡದ್ದು ಒರತೆಯಲ್ಲಲ್ಲ, ಅವನ ಕಾಲ ಬುಡದ ತೂತಿನಲ್ಲಿ. ಕೆಂಪು ರಾಡಿ, ಕಲ್ಲಿನ ಹಿಟ್ಟು ಕಲಸಿಕೊಂಡು ಬುಳುಬುಳು ಎದ್ದು ಬಿರುಕುಗಳಿಗೆಲ್ಲ ಹರಿಯಿತು. ಕೆಳಗೆ ಒರತೆಯ ಹತ್ತಿರ ಜನ ಕೇಕೆ ಹಾಕಿದರು, ಕೊಡಗಳು ಸದ್ದು ಮಾಡಿದವು. ದೊರೆಸ್ವಾಮಿ ಕುಕ್ಕರುಗಾಲಿನಲ್ಲಿ ಕೂತು, ಆ ರಾಡಿಯನ್ನೇ ಬೊಗಸೆಯಲ್ಲಿ ತುಂಬಿಕೊಂಡು ಬಾಯಿಗೆತ್ತಲು ಹೋದ.

“ಇನ್ನೂ ತಿಳಿಯಾಗಿಲ್ಲ ಕಣೋ,” ಎಂದು ಕೂಗಿದೆ. “ತಡಿ.”